ಸೊರಗಿದ ಮನಿ ಪ್ಲಾಂಟ್: ಸುಮ್ನೆ ಬಿಡೋದಾ, ಮಣ್ಣು ಬದಲಿಸೋದಾ, ಬಳ್ಳಿ ಕತ್ತರಿಸಿ ನೀರಿಗೆ ಹಾಕೋದಾ?

ಮನೆಯೊಳಗಿನ ಗಿಡ ಸೊರಗಿತು ಅಂದರೆ ಸಲಹೆಗಳಿಗೇನೂ ಬರವಿಲ್ಲ. ಅತ್ತೆ ಅಕ್ಕಚ್ಚು ಹುಯ್ಯಲು ಹೇಳುತ್ತಾರೆ. ಪಕ್ಕದ ಮನೆಯವರು ಕಾಫಿ ಚರಟ ಹಾಕಿ ಅನ್ನುತ್ತಾರೆ. ನರ್ಸರಿಯವರು ಒಂದು ಬಾಟಲಿ ಔಷಧಿ, ಒಂದು ಪೊಟ್ಟಣ ಗೊಬ್ಬರ ಕೊಟ್ಟು ಕಳಿಸುತ್ತಾರೆ. ಎಲ್ಲವನ್ನೂ ಒಂದೇ ಭಾನುವಾರ ಮಾಡಿ ಮುಗಿಸಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಸತ್ತರೂ ಗೊತ್ತಾಗುವುದಿಲ್ಲ.

ಹೊಸಬರ ಮುಂದೆ ಇರುವ ದಾರಿಗಳು ನಿಜಕ್ಕೂ ಜಾಸ್ತಿ ಇಲ್ಲ. ನೀರು ನಿಲ್ಲಿಸಿ ಕಾಯುವುದು. ಜಾಗ ಬದಲಿಸುವುದು. ಬೇರು ಬಿಡಿಸಿ ನೋಡಿ ಹೊಸ ಮಣ್ಣಿಗೆ ಹಾಕುವುದು. ಚೆನ್ನಾಗಿರುವ ತುದಿ ಕತ್ತರಿಸಿ ಹೊಸ ಗಿಡ ಮಾಡುವುದು. ಇದರಲ್ಲಿ ಯಾವುದು ಬೇಕು ಅನ್ನುವುದನ್ನು ಎಲೆ ನೋಡಿ ತೀರ್ಮಾನಿಸಬೇಡಿ, ಮಣ್ಣು ಮತ್ತು ಬೇರು ನೋಡಿ ತೀರ್ಮಾನಿಸಿ. ಯಾಕೆಂದರೆ ನೀರು ಕಡಿಮೆಯಾದರೂ ಎಲೆ ಜೋತು ಬೀಳುತ್ತದೆ, ಜಾಸ್ತಿಯಾದರೂ ಜೋತು ಬೀಳುತ್ತದೆ. ಹಳದಿಯೂ ಅಷ್ಟೇ, ಹತ್ತು ಕಾರಣಕ್ಕೆ ಬರುತ್ತದೆ.

ಉದಾಹರಣೆಗೆ ಮನಿ ಪ್ಲಾಂಟನ್ನೇ ಇಟ್ಟುಕೊಳ್ಳೋಣ. ಹೆಚ್ಚಿನ ಮನೆಗಳಲ್ಲಿ ಇದೆ, ಹೊಸಬರು ಮೊದಲು ತರುವುದೂ ಅದನ್ನೇ. ಮೂಲದಲ್ಲಿ ಇದು ಪೆಸಿಫಿಕ್ ಸಾಗರದ ಮೊರೇಆ ದ್ವೀಪದ ಗಿಡ. ಮರಗಳನ್ನು ಹಬ್ಬಿಕೊಂಡು, ನೆರಳಲ್ಲಿ, ಗಾಳಿಗೆ ಬೇರು ಬಿಟ್ಟುಕೊಂಡು ಬೆಳೆಯುವ ಬಳ್ಳಿ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನದು ಅರ್ಧ ಅರ್ಥವಾದ ಹಾಗೆ. ಅದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ಮೊದಲು ಪೊರಕೆ ಕಡ್ಡಿ

ತೇವ ಅಳೆಯುವ ಮೀಟರ್ ಬೇಡ. ಆನ್‌ಲೈನಲ್ಲಿ ಸಿಗುವ ಅಗ್ಗದ ಮೀಟರ್‌ಗಳು ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಒಂದು ಹೇಳುತ್ತವೆ, ಕೆಂಪು ಮಣ್ಣಿನಲ್ಲಿ ಇನ್ನೊಂದು ಹೇಳುತ್ತವೆ. ತೆಂಗಿನ ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ಎಳೆದುಕೊಳ್ಳಿ. ಕುಂಡದ ಅಂಚಿನ ಕಡೆಯಿಂದ ತಳ ಮುಟ್ಟುವವರೆಗೆ ನಿಧಾನವಾಗಿ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಮೆತ್ತಿಕೊಂಡು, ಬಣ್ಣ ಕಪ್ಪಾಗಿದ್ದರೆ ಒಳಗೆ ಹಸಿ ಇದೆ. ಒಣಗಿದ ಪುಡಿ ಮಾತ್ರ ಅಂಟಿದ್ದರೆ ಒಣಗಿದೆ. ಕಡ್ಡಿಯ ತುದಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಮೋರಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ.

ಮೇಲಿನ ಮಣ್ಣು ಮುಟ್ಟಿ ನೋಡಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಮೇಲಿನ ಒಂದಿಂಚು ಫ್ಯಾನ್ ಗಾಳಿಗೆ ಒಂದೇ ದಿನದಲ್ಲಿ ಒಣಗುತ್ತದೆ, ತಳದಲ್ಲಿ ವಾರವಾದರೂ ನೀರು ನಿಂತಿರುತ್ತದೆ. ಹೆಚ್ಚಿನ ಗಿಡ ಸಾಯುವುದು ಈ ಒಂದಿಂಚನ್ನು ನಂಬಿದ್ದಕ್ಕೇ.

ಇನ್ನೊಂದು ಪರೀಕ್ಷೆ, ಕುಂಡ ಎತ್ತಿ ನೋಡುವುದು. ನೀರು ಹಾಕಿದ ದಿನದ ಭಾರ, ನಾಲ್ಕು ದಿನದ ನಂತರದ ಭಾರ, ಎರಡನ್ನೂ ಕೈಗೆ ಅಭ್ಯಾಸ ಮಾಡಿಸಿ. ಸ್ವಲ್ಪ ದಿನದಲ್ಲಿ ಕಡ್ಡಿಯೂ ಬೇಕಾಗುವುದಿಲ್ಲ.

ಮಣ್ಣು ಒಣಗಿದ್ದರೆ

ಇದು ಸುಲಭದ ಕಾಯಿಲೆ. ಎಲೆ ತೆಳುವಾಗಿ, ಒಳಮುಖವಾಗಿ ಸುರುಳಿ ಸುತ್ತಿರುತ್ತದೆ, ಅಂಚು ಕಂದು ಬಣ್ಣಕ್ಕೆ ತಿರುಗಿ ಪರಪರ ಅನ್ನುತ್ತದೆ. ಕಾಂಡ ಮಾತ್ರ ಗಟ್ಟಿಯಾಗೇ ಇರುತ್ತದೆ. ಇಲ್ಲಿ ಮಣ್ಣು ಬದಲಿಸುವುದೂ ಬೇಡ, ಕತ್ತರಿಯೂ ಬೇಡ.

ಒಂದು ಸಣ್ಣ ತೊಂದರೆ ಇದೆ. ಕುಂಡದಲ್ಲಿ ಪೂರ್ತಿ ಒಣಗಿದ ಕೋಕೋಪೀಟ್ ಮೇಲಿಂದ ಹಾಕಿದ ನೀರನ್ನು ಬೇಗ ಕುಡಿಯುವುದಿಲ್ಲ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀವು ಮೇಲಿಂದ ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಬಂದುಬಿಡುತ್ತದೆ. ತಟ್ಟೆಯಲ್ಲಿ ನೀರು ಕಂಡು ಸಾಕಾಯಿತು ಅಂದುಕೊಳ್ಳುತ್ತೀರಿ, ಒಳಗಿನ ಉಂಡೆ ಒಣಗೇ ಇರುತ್ತದೆ. ಅದಕ್ಕೆ ಕುಂಡವನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ, ನೀರು ಕುಂಡದ ಅರ್ಧದಷ್ಟು ಎತ್ತರ ಬಂದರೆ ಸಾಕು. ತಳದಿಂದ ಹೀರಿಕೊಂಡು ಮೇಲಿನ ಮಣ್ಣು ಒದ್ದೆಯಾದ ಮೇಲೆ ತೆಗೆದು, ಪೂರ್ತಿ ಬಸಿಯಲು ಬಿಡಿ. ಮನಿ ಪ್ಲಾಂಟ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಲೆ ಎತ್ತುತ್ತದೆ. ಒಣಗಿ ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. ಅದನ್ನು ಕತ್ತರಿಸುವುದು ಅಂದಕ್ಕೆ ಮಾತ್ರ.

ಮಣ್ಣು ಹಸಿ, ಆದರೂ ಗಿಡ ಬಾಡಿದೆ

ಕಷ್ಟ ಇರುವುದು ಇಲ್ಲಿ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಗಾಳಿ ಇರಬೇಕು. ಅಲ್ಲೆಲ್ಲ ನೀರು ತುಂಬಿ ದಿನಗಟ್ಟಲೆ ನಿಂತರೆ ಬೇರಿಗೆ ಆಮ್ಲಜನಕ ಸಿಗದೆ ಉಸಿರುಗಟ್ಟುತ್ತದೆ. ಸೋತ ಬೇರಿಗೆ ಪಿಥಿಯಮ್, ಫೈಟಾಫ್ತೊರಾದಂಥ ಕೊಳೆ ರೋಗಾಣುಗಳು ತಗುಲುತ್ತವೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಗಿಡಕ್ಕೆ ಬಾಯಾರಿಕೆ. ಎಲೆ ಜೋತು ಬೀಳುತ್ತದೆ. ಮನೆಯವರು ಪಾಪ ಅಂತ ಇನ್ನೊಂದು ಚೊಂಬು ನೀರು ಹಾಕುತ್ತಾರೆ.

ಇಂಥ ಗಿಡಕ್ಕೆ ಮೂರು ದಾರಿ: ಕಾಯುವುದು, ಮಣ್ಣು ಬದಲಿಸುವುದು, ತುದಿ ಕತ್ತರಿಸಿ ಹೊಸದಾಗಿ ಶುರು ಮಾಡುವುದು. ಒಂದೊಂದಾಗಿ ನೋಡೋಣ.

ಕಾಯುವುದು. ಬುಡದ ಒಂದೆರಡು ಎಲೆ ಮಾತ್ರ ಹಳದಿಯಾಗಿ, ಕಾಂಡ ಗಟ್ಟಿಯಾಗಿದ್ದು, ವಾಸನೆ ಇಲ್ಲದಿದ್ದರೆ ಇದೇ ಸಾಕು. ತಟ್ಟೆಯ ನೀರು ಚೆಲ್ಲಿ. ಅಲಂಕಾರದ ಹೊರ ಕುಂಡ ಇದ್ದರೆ ಅದರಿಂದ ಹೊರಗೆ ತೆಗೆಯಿರಿ, ಅದರ ತಳದಲ್ಲಿ ನೀರು ನಿಂತಿರುವುದನ್ನು ಯಾರೂ ನೋಡುವುದೇ ಇಲ್ಲ. ಗಾಳಿ ಆಡುವ, ಬೆಳಕಿರುವ ಕಡೆ ಇಡಿ. ಪೊರಕೆ ಕಡ್ಡಿ ಅರ್ಧದವರೆಗಾದರೂ ಒಣಗಿ ಬರುವ ತನಕ ನೀರು ಮುಟ್ಟಬೇಡಿ. ಇದರ ದೊಡ್ಡ ಗುಣ ಅಂದರೆ ಬೇರಿಗೆ ಹೊಸ ಪೆಟ್ಟು ಬೀಳುವುದಿಲ್ಲ. ದೋಷ ಅಂದರೆ ಒಳಗೆ ಕೊಳೆ ಶುರುವಾಗಿದ್ದರೆ ನೀವು ಕಾಯುವಷ್ಟು ದಿನ ಅದೂ ಬೆಳೆಯುತ್ತದೆ. ಒಂದು ವಾರದಲ್ಲಿ ಮಣ್ಣು ಒಣಗದಿದ್ದರೆ, ಅಥವಾ ದಿನಕ್ಕೊಂದು ಎಲೆ ಹಳದಿಯಾಗುತ್ತಾ ಮೇಲಕ್ಕೆ ಹತ್ತಿದರೆ, ಕಾಯುವುದು ಸಾಕು.

ಮಣ್ಣು ಬದಲಿಸುವುದು. ಹಳೆಯ ಪೇಪರ್ ಹಾಸಿ ಕುಂಡವನ್ನು ಮಲಗಿಸಿ, ಬದಿಗೆ ತಟ್ಟಿ ಗಿಡವನ್ನು ಜಾರಿಸಿ. ಬುಡ ಹಿಡಿದು ಎಳೆಯಬೇಡಿ, ಕೊಳೆತ ಬಳ್ಳಿ ಕೈಗೇ ಬಂದುಬಿಡುತ್ತದೆ. ಮಣ್ಣು ಉದುರಿಸಿ, ನಲ್ಲಿಯ ಸಣ್ಣ ಧಾರೆಗೆ ಹಿಡಿದು ಬೇರು ತೊಳೆಯಿರಿ. ಈಗ ಬೆರಳಲ್ಲಿ ಒಂದೊಂದೇ ಬೇರು ಹಿಡಿದು ನಿಧಾನವಾಗಿ ಜಾರಿಸಿ ನೋಡಿ. ಚೆನ್ನಾಗಿರುವ ಬೇರು ಬಿಳಿ ಅಥವಾ ಕೆನೆ ಬಣ್ಣ, ಹಿಡಿದರೆ ಗಟ್ಟಿ. ಮಣ್ಣಿನ ಬಣ್ಣ ಹತ್ತಿ ಸ್ವಲ್ಪ ಕಂದಾಗಿದ್ದರೂ ಗಟ್ಟಿ ಇದ್ದರೆ ಒಳ್ಳೆಯದೇ. ಕೊಳೆತ ಬೇರಾದರೆ ಮೇಲಿನ ಸಿಪ್ಪೆ ಲೊಳಲೊಳ ಅಂತ ಬೆರಳಿಗೇ ಕಳಚಿ ಬರುತ್ತದೆ, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಒಂದು ಸಲ ಬೆರಳಿಗೆ ಇದು ಗೊತ್ತಾಯಿತು ಅಂದರೆ ಮುಂದೆ ಬಣ್ಣ ನೋಡುವ ಅಗತ್ಯವೂ ಇಲ್ಲ.

ಸಿಪ್ಪೆ ಕಳಚುವ ಬೇರನ್ನೆಲ್ಲ ಕತ್ತರಿಸಿ. ಕತ್ತರಿಯನ್ನು ಸ್ಯಾನಿಟೈಸರಿನಲ್ಲಿ ಒರೆಸಿಕೊಳ್ಳಿ, ಮುಗಿದ ಮೇಲೂ ಒರೆಸಿ. ಉಳಿದ ಬೇರಿನ ಗಾತ್ರಕ್ಕೆ ತಕ್ಕ ಕುಂಡ ಹುಡುಕಿ. ಹೆಚ್ಚಿನ ಸಲ ಅದು ಹಳೆಯ ಕುಂಡಕ್ಕಿಂತ ಚಿಕ್ಕದು. ಇಲ್ಲೇ ಹೊಸಬರಿಗೆ ಮನಸ್ಸು ಬರುವುದಿಲ್ಲ. ಪಾಪ, ದೊಡ್ಡ ಮನೆ ಕೊಡೋಣ ಅಂತ ದೊಡ್ಡ ಕುಂಡ ತರುತ್ತಾರೆ. ಎರಡು ಹಿಡಿ ಬೇರಿಗೆ ಒಂದು ಬುಟ್ಟಿ ಮಣ್ಣು. ಅಷ್ಟು ಮಣ್ಣಿನ ನೀರನ್ನು ಆ ಬೇರು ಕುಡಿದು ಮುಗಿಸಲಾರದು, ಮತ್ತೆ ಕೊಳೆ. ಆರೋಗ್ಯವಾಗಿರುವ ಗಿಡಕ್ಕೂ ಒಂದೆರಡು ಇಂಚು ದೊಡ್ಡ ಕುಂಡ ಸಾಕು.

ಹೊಸ ಮಣ್ಣಿಗೆ ಹಾಕಿ ಒಂದು ಸಲ ಚೆನ್ನಾಗಿ ನೀರು ಹಾಕಿ ಬಸಿಯಲು ಬಿಡಿ. ಆಮೇಲೆ ಮತ್ತೆ ಕಡ್ಡಿ ಪರೀಕ್ಷೆ. ಒಂದು ವಾರ ಗಿಡ ಇನ್ನೂ ಸಪ್ಪಗೆ ಕಾಣಬಹುದು, ಅದು ಸಹಜ.

ಬಳ್ಳಿ ಕತ್ತರಿಸುವುದು. ಮನಿ ಪ್ಲಾಂಟಿನ ಅದೃಷ್ಟ ಇರುವುದು ಗೆಣ್ಣಿನಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಗಂಟಿನಲ್ಲಿ. ಅಲ್ಲಿ ಸಣ್ಣ ಕಂದು ಮೊಳೆಯಂತೆ ಎದ್ದಿರುತ್ತದಲ್ಲ, ಅದು ಗಾಳಿ ಬೇರು. ಗೆಣ್ಣು ಇದ್ದರೆ ಹೊಸ ಗಿಡ ಬರುತ್ತದೆ. ಗೆಣ್ಣಿಲ್ಲದ ಎಲೆಯನ್ನು ಎಷ್ಟು ದಿನ ನೀರಿನಲ್ಲಿಟ್ಟರೂ ಅದು ಬಳ್ಳಿಯಾಗುವುದಿಲ್ಲ. ಬರೀ ಎಲೆ ಕಿತ್ತು ಗಾಜಿನ ಲೋಟದಲ್ಲಿ ತಿಂಗಳುಗಟ್ಟಲೆ ಇಟ್ಟವರನ್ನು ನೋಡಿದ್ದೇನೆ. ಎಲೆ ಹಸಿರಾಗೇ ಇರುತ್ತದೆ, ಆಸೆಯೂ ಹಸಿರಾಗೇ ಇರುತ್ತದೆ, ಚಿಗುರು ಮಾತ್ರ ಬರುವುದಿಲ್ಲ.

ಬಳ್ಳಿಯ ತುದಿಯಿಂದ ಹಿಂದಕ್ಕೆ ಬನ್ನಿ. ಎರಡು ಮೂರು ಗೆಣ್ಣು ಇರುವ ಹಾಗೆ, ಕೊನೆಯ ಗೆಣ್ಣಿನ ಅರ್ಧ ಇಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಜಾಗ ನೋಡಿ. ಹಸಿರು ಬಿಳಿ ಬಣ್ಣ ಇದ್ದು ಗಟ್ಟಿ ಇದ್ದರೆ ಸರಿ. ಮಧ್ಯದಲ್ಲಿ ಕಂದು ಉಂಗುರ ಕಂಡರೆ ಕೊಳೆ ಅಲ್ಲಿಗೂ ಹತ್ತಿದೆ ಅಂತ ಅರ್ಥ, ಇನ್ನೂ ಮೇಲಕ್ಕೆ ಕತ್ತರಿಸಿ. ನೀರಿಗೆ ಮುಳುಗುವ ಎಲೆ ತೆಗೆದುಬಿಡಿ. ಕಂದು ಅಥವಾ ಬಣ್ಣದ ಬಾಟಲಿ ಇದ್ದರೆ ಪಾಚಿ ಕಡಿಮೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ, ಚಳಿಯಲ್ಲಿ ಇನ್ನೂ ತಡ. ಬೇರು ಎರಡು ಇಂಚು ಆದ ಕೂಡಲೇ ಮಣ್ಣಿಗೆ ಹಾಕಿ. ಉದ್ದ ಬೆಳೆಯಲಿ ಅಂತ ಬಿಟ್ಟರೆ ನೀರಿಗೆ ಒಗ್ಗಿದ ಬೇರು ಮಣ್ಣಿಗೆ ಹೊಂದಿಕೊಳ್ಳಲು ತಿಣುಕುತ್ತದೆ. ಮಣ್ಣಿಗೆ ಹಾಕಿದ ಮೊದಲ ಎರಡು ವಾರ ಸ್ವಲ್ಪ ಹಸಿಯಾಗೇ ಇಡಿ. ಈ ಒಂದು ಹಂತದಲ್ಲಿ ಮಾತ್ರ ಒಣಗಲು ಬಿಡುವ ನಿಯಮ ಇಲ್ಲ.

ಬಳ್ಳಿಯ ರಸ ಕೆಲವರಿಗೆ ಕೈ ತುರಿಸುತ್ತದೆ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಮಗು, ನಾಯಿ, ಬೆಕ್ಕು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಹಾಗಾದರೆ ಮಣ್ಣು ಬದಲಿಸುವುದಾ, ಕತ್ತರಿಸುವುದಾ? ನಾನು ಹೀಗೆ ನೋಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಬೇರು ಗಟ್ಟಿ ಇದ್ದರೆ ಮಣ್ಣು ಬದಲಿಸಿ, ಬಳ್ಳಿ ಮುಟ್ಟಬೇಡಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಎರಡನ್ನೂ ಮಾಡಿ. ಉದ್ದ ಬಳ್ಳಿಗಳನ್ನು ಕತ್ತರಿಸಿ ನೀರಿಗೆ, ಮೋಟು ಬುಡ ಹೊಸ ಮಣ್ಣಿಗೆ. ಇರುವ ಸ್ವಲ್ಪ ಬೇರು ಅಷ್ಟುದ್ದ ಬಳ್ಳಿಗೆ ನೀರು ಸಾಗಿಸಲಾರದು, ಕತ್ತರಿಸಿದರೆ ಅದರ ಹೊರೆಯೂ ಇಳಿಯುತ್ತದೆ. ಬುಡವೇ ಮೆತ್ತಗಾಗಿದ್ದರೆ ಬೇರಿನ ಮೇಲೆ ಸಮಯ ಹಾಕಬೇಡಿ, ತುದಿ ಉಳಿಸಿಕೊಳ್ಳಿ. ಸಂಶಯ ಇದ್ದಾಗ ಯಾವತ್ತೂ ಒಂದು ತುದಿ ನೀರಿನಲ್ಲಿ ಇರಲಿ. ಖರ್ಚಿಲ್ಲದ ವಿಮೆ ಅದು.

ಸಾಫ್‌ನಂಥ ಶಿಲೀಂಧ್ರನಾಶಕ ಪುಡಿಯಲ್ಲಿ ಬೇರು ಅದ್ದಿ ಅಂತ ಹೇಳುವವರು ಬಹಳ. ಅದರಲ್ಲಿರುವುದು ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್. ಪಿಥಿಯಮ್ ಜಾತಿಯ ಕೊಳೆಗೆ ಕಾರ್ಬೆಂಡಜಿಮ್ ಕೆಲಸ ಮಾಡುವುದಿಲ್ಲ. ಅಡುಗೆಮನೆ ಕಿಟಕಿಯಲ್ಲಿರುವ ಗಿಡಕ್ಕೆ ನಾನಂತೂ ಇದನ್ನು ಬಳಸುವುದಿಲ್ಲ. ಏನಾದರೂ ಹಾಕಲೇಬೇಕು ಅನ್ನಿಸಿದರೆ ರೈತರ ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ (ಕೊಳೆ ರೋಗಾಣುಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ತಂದು ಹೊಸ ಮಣ್ಣಿಗೆ ಬೆರೆಸಿ. ಅದೂ ಮುಂದೆ ಬಾರದಿರಲಿ ಅಂತ, ಕೊಳೆತದ್ದನ್ನು ವಾಪಸ್ ತರಲು ಅಲ್ಲ.

ಜಾಗದ ಮಾತು

ಮಣ್ಣು ಸರಿ ಇದೆ, ಬೇರು ಸರಿ ಇದೆ, ಆದರೂ ಬಳ್ಳಿ ಸಣಕಲು. ಎಲೆಯಿಂದ ಎಲೆಗೆ ಗೇಣು ದೂರ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದು, ಹಳದಿ ಪಟ್ಟೆ ಮಾಯ. ಇದು ಬೆಳಕಿನ ಕೊರತೆ. ಮನಿ ಪ್ಲಾಂಟ್ ನೆರಳಿನಲ್ಲಿ ಬದುಕುತ್ತದೆ ಅನ್ನುವುದು ನಿಜ. ಬೆಳೆಯುತ್ತದೆ ಅನ್ನುವುದು ಬೇರೆ ಮಾತು. ಮಧ್ಯಾಹ್ನ ಗಿಡದ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿಗೆ ಬೆರಳಿನ ಆಕಾರ ಇದ್ದರೆ ಬೆಳಕು ಸಾಕು. ನೆರಳೇ ಕಾಣದಿದ್ದರೆ ಕಿಟಕಿಯ ಕಡೆ ಸರಿಸಿ. ಪೂರ್ವದ ಕಿಟಕಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಪಶ್ಚಿಮದ ಬಿಸಿಲು ಏಪ್ರಿಲ್‌ನಲ್ಲಿ ಎಲೆ ಸುಡುತ್ತದೆ, ನಡುವೆ ಒಂದು ತೆಳು ಪರದೆ ಇರಲಿ.

ಬೆಳಕು ಕಡಿಮೆ ಇರುವ ಕಡೆ ಗಿಡ ನೀರು ಕುಡಿಯುವುದೂ ಕಡಿಮೆ. ಹಾಗಾಗಿ ವಾರಕ್ಕೆರಡು ಸಲ ನೀರು ಅನ್ನುವ ಲೆಕ್ಕ ಕಿಟಕಿಯ ಗಿಡಕ್ಕೆ ಸರಿಯಾಗಿ, ಟಿವಿ ಪಕ್ಕದ ಗಿಡಕ್ಕೆ ವಿಷವಾಗಬಹುದು. ಯಾವ ನರ್ಸರಿಯವರು ಹೇಳಿದರೂ ವಾರದ ಲೆಕ್ಕ ನಂಬಬೇಡಿ.

ಯಾವ ಮಣ್ಣು, ಯಾವ ಕುಂಡ

ನರ್ಸರಿಯಿಂದ ಬಂದ ಗಿಡದ ಬೇರಿನ ಸುತ್ತ ಏನಿದೆ ಅಂತ ಒಮ್ಮೆ ನೋಡಿ. ಆಂಧ್ರದ ಕಡಿಯಂ ಕಡೆಯ ನರ್ಸರಿಗಳಿಂದ ನಮ್ಮಲ್ಲಿಗೆ ತುಂಬಾ ಗಿಡ ಬರುತ್ತವೆ. ಅವುಗಳ ಬೇರಿಗೆ ಹೆಚ್ಚಾಗಿ ಅಂಟು ಮಣ್ಣಿನ ಉಂಡೆ ಇರುತ್ತದೆ. ಲಾರಿಯಲ್ಲಿ ದೂರ ಬರಲು ಅದು ಅನುಕೂಲ, ಮನೆಯೊಳಗಿನ ಕುಂಡಕ್ಕೆ ಅನನುಕೂಲ. ಸುತ್ತ ಹಗುರ ಮಣ್ಣು ಹಾಕಿ ಉಂಡೆಯನ್ನು ಹಾಗೇ ಇಟ್ಟರೆ ಸುತ್ತಲಿನದು ಒಣಗುತ್ತದೆ, ಉಂಡೆ ಹಸಿಯಾಗೇ ಉಳಿಯುತ್ತದೆ.

ಬರೀ ಕೆಂಪು ಮಣ್ಣು ತೋಟಕ್ಕೆ ಸರಿ. ಕುಂಡದಲ್ಲಿ ನಾಲ್ಕು ಸಲ ನೀರು ಹಾಕಿದರೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಬರೀ ಕೋಕೋಪೀಟ್ ನೀರು ಹಿಡಿದುಕೊಂಡೇ ಇರುತ್ತದೆ, ಪೋಷಕಾಂಶವೂ ಇಲ್ಲ. ನನಗೆ ಹಿಡಿಸಿದ್ದು ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಮಣ್ಣು ಹಗುರ ಮಾಡುವ ಬಿಳಿ ಕಲ್ಲಿನ ಹರಳು). ಪರ್ಲೈಟ್ ದುಬಾರಿ ಅನ್ನಿಸಿದರೆ ಭತ್ತದ ಹೊಟ್ಟು ಅಥವಾ ಜರಡಿ ಹಿಡಿದ ದಪ್ಪ ಮರಳು. ಎಂ ಸ್ಯಾಂಡ್ ಆದರೆ ತೊಳೆದು ನುಣುಪು ಧೂಳು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಕೋಕೋಪೀಟ್ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಆ ನೀರು ಎರಡು ಸಲ ಚೆಲ್ಲಿ. ಅದರಲ್ಲಿ ಉಪ್ಪಿನಂಶ ಇರುತ್ತದೆ.

ಕುಂಡದ ತಳಕ್ಕೆ ಎರಡಿಂಚು ಜಲ್ಲಿ ಹಾಕುವ ಅಭ್ಯಾಸ ಬಿಡಿ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಬೇರಿಗೆ ಸಿಗಬೇಕಾದ ಮಣ್ಣಿನ ಜಾಗ ಮಾತ್ರ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಕುಂಡದ ವಿಷಯದಲ್ಲಿ ನೀರು ಜಾಸ್ತಿ ಹಾಕುವ ಕೈ ನಿಮ್ಮದಾದರೆ ಮಣ್ಣಿನ ಕುಂಡ. ಗೋಡೆಯಿಂದಲೂ ನೀರು ಆರುತ್ತದೆ. ಮರೆಯುವ ಸ್ವಭಾವದವರಾದರೆ ಪ್ಲಾಸ್ಟಿಕ್. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಮಣ್ಣಿನ ಕುಂಡದ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ, ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ತೂತಿಲ್ಲದ ಸೆರಾಮಿಕ್ ಕುಂಡ ಎಷ್ಟೇ ಚೆಂದ ಇದ್ದರೂ ಹೊರ ಕುಂಡ ಮಾತ್ರ.

ಹುಳ ಬಿದ್ದಿದ್ದರೆ

ಎಲೆ ತೊಟ್ಟಿನ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿ ಕಂಡರೆ ಹಿಟ್ಟು ತಿಗಣೆ. ನಾಲ್ಕಾರು ಕಡೆ ಮಾತ್ರ ಇದ್ದರೆ ಶೇ 70ರ ಸ್ಪಿರಿಟ್‌ನಲ್ಲಿ ಕಿವಿಗೆ ಹಾಕುವ ಬಡ್ಸ್ ಅದ್ದಿ ಒಂದೊಂದನ್ನೇ ಮುಟ್ಟಿ. ಗಿಡ ತುಂಬಾ ಹರಡಿದ್ದರೆ ಬೇವಿನ ಎಣ್ಣೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಎಂಎಲ್ ಎಣ್ಣೆ, ಬೆರೆಯಲು ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವ ಹಾಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊಟ್ಟೆಗಳು ಉಳಿದಿರುತ್ತವೆ, ಅದಕ್ಕೆ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಬೇಕು. ಒಂದು ಸಲ ಹೊಡೆದು ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ.

ಎಲೆಯ ಅಡಿ ಸಣ್ಣ ಬಲೆ, ಮೇಲೆ ಚುಕ್ಕೆ ಚುಕ್ಕೆ ಬಣ್ಣಗೆಟ್ಟಿದ್ದರೆ ನುಸಿ. ಒಣ ಹವೆಯಲ್ಲಿ ಬರುತ್ತದೆ. ಬಚ್ಚಲಿಗೆ ಒಯ್ದು ಶವರ್‌ನಲ್ಲಿ ಎಲೆಯಡಿ ತೊಳೆದರೆ ಅರ್ಧ ಕೆಲಸ ಆಯಿತು. ಮಣ್ಣಿನ ಮೇಲೆ ಹಾರುವ ಸಣ್ಣ ಕಪ್ಪು ನೊಣ ಗಿಡಕ್ಕಿಂತ ನಿಮ್ಮ ನೀರಿನ ಕೈಯ ಬಗ್ಗೆ ಹೇಳುತ್ತದೆ. ಮೇಲಿನ ಮಣ್ಣು ಒಣಗಲು ಬಿಡಿ.

ಗೊಬ್ಬರ

ಈಗ ಬೇಡ. ಜ್ವರ ಬಂದವರಿಗೆ ಹೋಳಿಗೆ ಊಟ ಬಡಿಸುವುದಿಲ್ಲ, ಅಲ್ವಾ? ಕೊಳೆತ ಬೇರಿಗೆ ಡಿಎಪಿ, ಯೂರಿಯಾ ಹಾಕಿದರೆ ಉಳಿದ ಬೇರೂ ಸುಡುತ್ತದೆ. ಅಕ್ಕಚ್ಚು, ಮಜ್ಜಿಗೆ, ಟೀ ಸೊಪ್ಪು ಒಳ್ಳೆಯ ಉದ್ದೇಶದಿಂದ ಬಂದರೂ ಹಸಿ ಮಣ್ಣಿನಲ್ಲಿ ಹುಳಿತು ನೊಣ ಕರೆಯುತ್ತವೆ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊರತೆ ಇಲ್ಲದ ಗಿಡಕ್ಕೆ ಅದರಿಂದ ಲಾಭವೇನೂ ಇಲ್ಲ. ಹೊಸ ಚಿಗುರು ಒಂದೆರಡು ಬಿಚ್ಚಿದ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಅರ್ಧ ಪ್ರಮಾಣದಲ್ಲಿ, ತಿಂಗಳಿಗೊಮ್ಮೆ. ಅಥವಾ ಒಂದು ಹಿಡಿ ಎರೆಗೊಬ್ಬರ. ಎರಡರಲ್ಲಿ ಹೊಸಬರಿಗೆ ಎರೆಗೊಬ್ಬರವೇ ಕ್ಷೇಮ, ಕೈ ತಪ್ಪಿ ಜಾಸ್ತಿ ಬಿದ್ದರೂ ಸುಡುವ ಭಯ ಕಡಿಮೆ.

ಬೇರೆ ಗಿಡಗಳಾದರೆ

ಸ್ನೇಕ್ ಪ್ಲಾಂಟ್, ಝಡ್ ಝಡ್ ಪ್ಲಾಂಟ್ ಎರಡೂ ಎಲೆ, ಗಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಜಾತಿ. ಇವುಗಳಿಗೆ ಕಾಯುವುದು ಬಹುಮಟ್ಟಿಗೆ ಸರಿಯಾದ ಉತ್ತರ. ಸ್ನೇಕ್ ಪ್ಲಾಂಟಿನ ಎಲೆ ಸುಕ್ಕುಗಟ್ಟಿದ್ದು ಮಣ್ಣೂ ಒಣಗಿದ್ದರೆ ಬಾಯಾರಿಕೆ. ಬುಡ ಮೆತ್ತಗಾಗಿ ಎಲೆ ವಾಲಿದ್ದರೆ ಕೊಳೆ. ಕೊಳೆತದ್ದಾದರೆ ಮೇಲಿನ ಗಟ್ಟಿ ಭಾಗವನ್ನು ಮೂರು ಇಂಚಿನ ತುಂಡು ಮಾಡಿ, ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ, ಮಣ್ಣಿಗೆ ಊರಿ. ಕೆಳಗಿನ ತುದಿ ಯಾವುದು ಅಂತ ಗುರುತು ಹಾಕಿಕೊಳ್ಳಿ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ಚಿಗುರಿಗೆ ತಿಂಗಳುಗಟ್ಟಲೆ ಕಾಯಬೇಕು. ಹಳದಿ ಅಂಚಿನ ಜಾತಿಯ ಎಲೆ ತುಂಡಿನಿಂದ ಬರುವ ಮರಿ ಬರೀ ಹಸಿರಾಗಿರುತ್ತದೆ. ಹಳದಿ ಅಂಚು ಬೇಕೆಂದರೆ ಬುಡದ ಗಡ್ಡೆಯನ್ನು ಭಾಗ ಮಾಡಬೇಕು.

ಪೀಸ್ ಲಿಲಿ ನಾಟಕದ ಗಿಡ. ಬಾಯಾರಿದರೆ ಮೈಯೆಲ್ಲ ಚೆಲ್ಲಿ ಬೀಳುತ್ತದೆ, ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಏನೂ ಆಗದ ಹಾಗೆ ಎದ್ದು ನಿಲ್ಲುತ್ತದೆ. ಆದರೆ ಇದರ ಎಲೆ ಕತ್ತರಿಸಿ ಹೊಸ ಗಿಡ ಮಾಡಲಾಗುವುದಿಲ್ಲ. ಬೇರು ಕೊಳೆತರೆ ಮಣ್ಣು ಬದಲಿಸುವುದೊಂದೇ ದಾರಿ, ಹಾಗಾಗಿ ಕಾಯುವ ಹೊತ್ತು ಇದಕ್ಕೆ ಕಡಿಮೆ.

ತುಳಸಿಯ ಲೆಕ್ಕವೇ ಬೇರೆ. ಮೊದಲನೆಯದಾಗಿ ಅದು ಮನೆಯೊಳಗಿನ ಗಿಡವಲ್ಲ, ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಉತ್ತರದ ಬಾಲ್ಕನಿಯಲ್ಲಿ ಎಷ್ಟು ಸಲ ಮಣ್ಣು ಬದಲಿಸಿದರೂ ಅಷ್ಟೇ. ಬಾಡಿದ ತುಳಸಿಯ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಇದ್ದರೆ ಜೀವ ಇದೆ, ಅಲ್ಲಿಂದ ಸ್ವಲ್ಪ ಮೇಲೆ ಕತ್ತರಿಸಿ. ಕದಿರು ಬಂದಂತೆಲ್ಲ ಚಿವುಟಿ, ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಪೂಜೆಯ ಉದ್ಧರಣೆ ನೀರಿನಿಂದ ಏನೂ ಆಗುವುದಿಲ್ಲ. ಮಳೆಗಾಲದಲ್ಲೂ ದಿನಾ ಒಂದು ಚೊಂಬು ಸುರಿದರೆ ಆಗುತ್ತದೆ. ದೀಪವನ್ನು ಕಾಂಡದಿಂದ ದೂರ ಇಡಿ. ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆ ಊರುವಾಗ ಕುಂಡದ ಅಂಚಿಗೆ ಊರಿ, ಬುಡಕ್ಕೆ ಅಂಟಿಸಿ ಚುಚ್ಚಿದರೆ ಬೇರಿಗೆ ಗಾಯ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕುಂಡದ ತುಳಸಿ ಎರಡು ಮೂರು ವರ್ಷಕ್ಕೆ ಕಟ್ಟಿಗೆಯಾಗಿ ಸೊರಗುವುದು ಸಹಜ. ಆಗ ಉಳಿಸುವ ಹಟಕ್ಕಿಂತ ಒಣಗಿದ ಕದಿರು ಉಜ್ಜಿ ಬೀಜ ಚೆಲ್ಲುವುದೇ ಸರಿಯಾದ ಆಯ್ಕೆ. ಬಾಯಿಗೆ ಹಾಕುವ ಎಲೆ, ಯಾವ ರಾಸಾಯನಿಕವೂ ಬೇಡ.

ಊರು, ಕಾಲ

ಮಂಗಳೂರಿನ ಜುಲೈ ತಿಂಗಳಲ್ಲಿ ಮಣ್ಣು ಒಣಗುವುದೇ ಇಲ್ಲ. ಅಲ್ಲಿ ಕೋಕೋಪೀಟ್ ಪಾಲು ಇಳಿಸಿ ಹೊಟ್ಟು, ಮರಳು ಏರಿಸಿ. ಕಲಬುರಗಿಯ ಮೇ ತಿಂಗಳಿಗೆ ಅದೇ ಮಿಶ್ರಣ ಹಾಕಿದರೆ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ. ಬುಡ ಬಿಡಿಸಿ ಮಣ್ಣು ಬದಲಿಸುವ ಕೆಲಸಕ್ಕೆ ಬೆಂಗಳೂರು, ಮೈಸೂರು ಕಡೆ ಮುಂಗಾರಿನ ಶುರು ಒಳ್ಳೆಯ ಹೊತ್ತು. ಡಿಸೆಂಬರ್ ಚಳಿಯಲ್ಲಿ ತೀರಾ ಕೊಳೆತಿದ್ದರೆ ಮಾತ್ರ ಮಾಡಿ. ಅಮೆರಿಕ, ಯುರೋಪಿನಲ್ಲಿ ಇರುವವರಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಕೂ ಕಡಿಮೆ, ಹೀಟರಿನಿಂದ ಗಾಳಿಯೂ ಒಣ. ಎಲೆ ತುದಿ ಒಣಗಿತು ಅಂತ ನೀರು ಹೆಚ್ಚಿಸಬೇಡಿ, ಒಣಗಿರುವುದು ಗಾಳಿ, ಮಣ್ಣಲ್ಲ.

ಬಿಟ್ಟುಬಿಡುವುದೂ ಒಂದು ಆಯ್ಕೆ

ಬುಡ ಮೆತ್ತಗಾಗಿ, ಬಳ್ಳಿಯುದ್ದಕ್ಕೂ ಎಲ್ಲಿ ಕತ್ತರಿಸಿದರೂ ಕಂದು ಉಂಗುರವೇ ಕಂಡರೆ ಅಲ್ಲಿಗೆ ಮುಗಿಯಿತು. ಚಿಕ್ಕ ಮನಿ ಪ್ಲಾಂಟ್ ನರ್ಸರಿಯಲ್ಲಿ ದುಬಾರಿ ಏನಲ್ಲ. ಗೊತ್ತಿರುವವರ ಮನೆಯಲ್ಲಿ ಎರಡು ಗೆಣ್ಣಿನ ತುಂಡು ಕೇಳಿದರೆ ಅದೂ ಬೇಡ. ಅಜ್ಜಿ ಕೊಟ್ಟ ಗಿಡ, ಹಳೇ ಮನೆಯಿಂದ ತಂದ ಗಿಡ ಅಂತ ಇದ್ದರೆ ಮಾತು ಬೇರೆ, ಆಗ ಕೊನೆಯ ಗೆಣ್ಣಿನವರೆಗೂ ಪ್ರಯತ್ನಿಸಿ. ಹುಳ ತುಂಬಿದ ಗಿಡವನ್ನು ಮಾತ್ರ ಮಮತೆಗೆ ಇಟ್ಟುಕೊಳ್ಳಬೇಡಿ, ಪಕ್ಕದ ಕುಂಡಗಳಿಗೂ ಹತ್ತುತ್ತದೆ.

ಸತ್ತ ಗಿಡದ ಕುಂಡವನ್ನು ಹಾಗೇ ಮತ್ತೆ ಬಳಸಬೇಡಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ಕೊಳೆತ ಮಣ್ಣನ್ನು ಬೇರೆ ಮನೆಗಿಡಕ್ಕೆ ಹಾಕಬೇಡಿ. ಹಿತ್ತಲು ಇದ್ದವರು ಒಂದು ಮೂಲೆಯಲ್ಲಿ ತೆಳುವಾಗಿ ಹರಡಿದರೆ ಆಯಿತು. ಹೊಸ ಗಿಡ ತಂದ ಮೇಲೆ ಎರಡು ವಾರ ಬೇರೆ ಗಿಡಗಳಿಂದ ದೂರ ಇಟ್ಟು, ಎಲೆ ಅಡಿ ನೋಡಿಕೊಂಡು, ಆಮೇಲೆ ಜೊತೆಗೆ ಸೇರಿಸಿ.